ಫ್ಯಾಟ್ ಸರಿಹೋಯಿತು, ಹಾಲು ಒಡೆಯಿತು: ಮಂಡ್ಯ ಕಡೆಯ ಒಂದು ಡೈರಿಯ ಪ್ರಕರಣ

ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಡೈರಿಯಲ್ಲಿ ಏಪ್ರಿಲ್ ಕೊನೆಯ ಒಂದು ರಾತ್ರಿ ಕರೆಂಟು ಹೋಯಿತು. ಮಾರನೇ ದಿನ 1,600 ಲೀಟರ್‌ಗೂ ಜಾಸ್ತಿ ಹಾಲು ಚರಂಡಿ ಪಾಲಾಯಿತು. ವಾರದೊಳಗೆ ಡೈರಿಗೆ ಬೀಗ ಬಿತ್ತು, ಹಾಲಿನ ಫ್ಯಾಟು, ಅಂದರೆ ಕೊಬ್ಬಿನ ಅಂಶ ಅಳೆಯುವ ಟೆಸ್ಟರ್ ಕೆಲಸ ಕಳೆದುಕೊಂಡರು, ಆಡಳಿತ ಮಂಡಳಿ ಎರಡು ಹೋಳಾಯಿತು. ಊರಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು, "ಟಿಸಿ ಸುಟ್ಟೋಯ್ತು ಸಾರ್, ಅದ್ಕೆ ಇಷ್ಟೆಲ್ಲ." ಟ್ರಾನ್ಸ್‌ಫಾರ್ಮರ್ ಸುಟ್ಟದ್ದು ನಿಜ. ಆದರೆ ಆ ಭಾಗದಲ್ಲಿ ಪ್ರತಿ ಬೇಸಿಗೆಯಲ್ಲೂ ಟಿಸಿ ಸುಡುತ್ತೆ, ಹಾಲು ಒಡೆಯಲ್ಲ, ಬೀಗ ಬೀಳಲ್ಲ.

ನಾನು ಮೈಸೂರಿನಲ್ಲಿದ್ದುಕೊಂಡು ಸಹಕಾರ ಸಂಘಗಳ ಲೆಕ್ಕಪತ್ರ ನೋಡುವವನು, ಆಗಾಗ ಕಾರ್ಯದರ್ಶಿಗಳಿಗೆ ತರಬೇತಿಯನ್ನೂ ಕೊಡುತ್ತೇನೆ. ಗಲಾಟೆ ಆದ ಮೇಲೆ ಲೆಕ್ಕ ಬಿಡಿಸಿಕೊಡಲು ಕರೆದರು ಅಂತ ಹೋದೆ. ಊರು, ವರ್ಷ, ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಂತೆ ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ನಡೆದ ಕ್ರಮ ಮಾತ್ರ ಇದ್ದ ಹಾಗೇ ಇದೆ.

ಹಿನ್ನೆಲೆ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಊರು. ಕಬ್ಬು, ಭತ್ತ, ಮನೆಗೆ ಒಂದೆರಡು ಸೀಮೆ ಹಸು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಯೋಜನೆ ಶುರುವಾದ ಮೇಲೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಆಣಂದ್ ಮಾದರಿಯಲ್ಲಿ ಎದ್ದವಲ್ಲ, ಅಂಥದ್ದೇ ಸಂಘ. ಹಳ್ಳಿ ಸಂಘದ ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ರಾಜ್ಯದ ಮಹಾಮಂಡಳ. ಇಂಥ ಊರಲ್ಲಿ ಕಬ್ಬಿನ ದುಡ್ಡು ಯಾವಾಗ ಬರುತ್ತೋ ಹೇಳಕ್ಕಾಗಲ್ಲ. ಹಾಲಿನ ಬಟವಾಡೆ ಮಾತ್ರ ತಪ್ಪಲ್ಲ. ಹಾಗಾಗಿ ಡೈರಿ ಅಂದರೆ ಸುಮ್ನೆ ಹಾಲು ಅಳೆಯುವ ಜಾಗ ಅಲ್ಲ. ಮಕ್ಕಳ ಫೀಸು, ಸ್ತ್ರೀಶಕ್ತಿ ಸಂಘದ ಕಂತು, ಅಂಗಡಿ ಸಾಲ ಎಲ್ಲಾ ಅದರ ಮೇಲೆ ನಿಂತಿರುತ್ತೆ.

ಕೆಲಸದವರು ಮೂರೇ ಜನ. ಕಾರ್ಯದರ್ಶಿ, ಟೆಸ್ಟರ್, ಹೆಲ್ಪರ್. ದಿನಕ್ಕೆ ಎರಡು ಹೊತ್ತು ಹಾಲು. ಐದಾರು ವರ್ಷದ ಹಿಂದೆ ಬಿಎಂಸಿ ಬಂದಿತ್ತು, ಅಂದರೆ ಹಾಲನ್ನು 4 ಡಿಗ್ರಿಗೆ ಇಳಿಸಿ ಇಡುವ ದೊಡ್ಡ ಸ್ಟೀಲ್ ತೊಟ್ಟಿ. ಅದು ಬಂದ ಮೇಲೆ ಕ್ಯಾನು ಸಾಗಿಸುವ ಕಾಟ ತಪ್ಪಿತು. ದಿನಾ ಬೆಳಗ್ಗೆ 9ರ ಹೊತ್ತಿಗೆ ಟ್ಯಾಂಕರ್ ಬಂದು ಎಳೆದುಕೊಂಡು ಹೋಗುತ್ತಿತ್ತು.

ದುಡ್ಡಿನ ಲೆಕ್ಕ ಒಂಚೂರು ಹೇಳಬೇಕು, ಯಾಕೆಂದರೆ ಎಲ್ಲಾ ಅಲ್ಲೇ ಇದೆ. ರೈತರಿಗೆ ಡೈರಿ ದುಡ್ಡು ಕೊಡುವುದು ತನ್ನ ಮಿಷನ್ ತೋರಿಸಿದ ಫ್ಯಾಟಿನ ಮೇಲೆ. ಡೈರಿಗೆ ಒಕ್ಕೂಟ ಕೊಡುವುದು ಟ್ಯಾಂಕರಿನ ಸ್ಯಾಂಪಲ್‌ನಲ್ಲಿ ಬಂದ ಫ್ಯಾಟಿನ ಮೇಲೆ. ಇಲ್ಲಿ ನೂರಕ್ಕೆ 4.1 ಅಂತ ಬರೆದು ಅಲ್ಲಿ 3.8 ಬಂದರೆ, ನಡುವಿನ ಮೂರು ಪಾಯಿಂಟ್ ದುಡ್ಡು ಸಂಘ ತನ್ನ ಕೈಯಿಂದ ಕೊಟ್ಟ ಹಾಗೆ. ಈ ವ್ಯತ್ಯಾಸಕ್ಕೆ ಅಲ್ಲಿಯವರು 'ಗ್ಯಾಪು' ಅನ್ನುತ್ತಿದ್ದರು. ಹೊಸ ಅಧ್ಯಕ್ಷರು ಬರುವ ಹೊತ್ತಿಗೆ ಗ್ಯಾಪು ಮೂರು ಪಾಯಿಂಟ್ ದಾಟಿತ್ತು.

ಅದು ಹುಟ್ಟಿದ್ದು ಹೇಗೆ ಅಂತ ಟೆಸ್ಟರೇ ಆಮೇಲೆ ನನಗೆ ಹೇಳಿದರು. ಒಬ್ಬ ವಿಧವೆ, ಒಂದೇ ಹಸು. ಆಕೆಯ ಹಾಲು ಮೂರಕ್ಕಿಂತ ಒಂದೆರಡು ಪಾಯಿಂಟ್ ಮೇಲೆ ಬರುತ್ತಿತ್ತು, ಅಷ್ಟೇ. ಡೈರಿಯ ಪದ್ಧತಿ ಪ್ರಕಾರ 3.5ಕ್ಕಿಂತ ಕಡಿಮೆ ಬಂದರೆ ವಾಪಸ್. ಮಿಷನ್ ತೋರಿಸಿದ್ದನ್ನು ಕಾರ್ಡಿಗೆ ಕೈಯಲ್ಲೇ ಬರೆಯಬೇಕಿತ್ತು. ಇವರು 3.5 ಬರೆದರು. "ಆಯಮ್ಮನ ಹಾಲು ತಿರುಗಿಸಿ ಕಳ್ಸಕ್ಕೆ ಮನಸ್ ಬರ್ಲಿಲ್ಲ ಸಾರ್." ಅದನ್ನು ಹಿಂದೆ ನಿಂತಿದ್ದವರು ನೋಡಿದರು. ಆಮೇಲೆ ಇನ್ನೊಬ್ಬರಿಗೆ ಬರೆಯಬೇಕಾಯಿತು. ಆಮೇಲೆ ಒಬ್ಬ ನಿರ್ದೇಶಕರು ತಮ್ಮ ಹಾಲಿಗೆ "ನಂದೂ ಒಂಚೂರು ನೋಡ್ಕೊಳಪ್ಪ" ಅಂದರು. ನಿರ್ದೇಶಕರಿಗೆ ಇಲ್ಲ ಅನ್ನುವ ಟೆಸ್ಟರ್ ಯಾವ ಊರಲ್ಲಿದ್ದಾನೆ? ಒಂದೊಂದು ಹೆಜ್ಜೆಗೂ ಒಂದು ಕಾರಣ ಇತ್ತು. ಮೊದಲನೆಯದಂತೂ ಒಳ್ಳೆಯ ಕಾರಣವೇ.

ಜನರೇಟರ್ ಕಥೆಯೂ ಹೀಗೇ. ಬ್ಯಾಟರಿ ಸತ್ತು ಬಹಳ ದಿನ ಆಗಿತ್ತು. ಹೊಸದಕ್ಕೆ ಆಗ ಏಳೆಂಟು ಸಾವಿರ. ಹೆಲ್ಪರ್ ಮನೆ ಡೈರಿ ಪಕ್ಕದಲ್ಲೇ, ಮನೆ ಮುಂದೆ ಅವರದ್ದೇ ಟ್ರ್ಯಾಕ್ಟರ್. ಕರೆಂಟು ಹೋದಾಗೆಲ್ಲ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದು, ವೈರ್ ಕಚ್ಚಿಸಿ, ಜನರೇಟರ್ ಸ್ಟಾರ್ಟ್ ಮಾಡಿ, ಮತ್ತೆ ತಗೊಂಡು ಹೋಗುತ್ತಿದ್ದರು. ಪ್ರತಿ ಸಲವೂ ಕೆಲಸ ಆಗುತ್ತಿತ್ತು. ಆಗುತ್ತಿದ್ದದ್ದರಿಂದಲೇ ಹೊಸ ಬ್ಯಾಟರಿ ಬರಲಿಲ್ಲ. ಮೂರು ಸಭೆಯ ಅಜೆಂಡಾದಲ್ಲಿ ವಿಷಯ ಇದೆ, ಮೂರರಲ್ಲೂ 'ಮುಂದಿನ ಸಭೆಗೆ' ಅಂತ ಬರೆದಿದೆ.

ದೊಡ್ಡ ಅನಾಹುತಗಳನ್ನು ಓದಿದರೂ ಇದೇ ಕಾಣುತ್ತೆ. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗ, ಆ ರಾಸಾಯನಿಕವನ್ನು ತಣ್ಣಗಿಡಬೇಕಿದ್ದ ಘಟಕವನ್ನು ತಿಂಗಳುಗಟ್ಟಲೆ ಮೊದಲೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಉರಿಸಿ ಹಾಕಬೇಕಿದ್ದ ಗೋಪುರದ ಪೈಪು ರಿಪೇರಿಗೆ ಅಂತ ಬಿಚ್ಚಿತ್ತು. ಸಾವಿರಾರು ಜನ ಸತ್ತ ದುರಂತದ ಪಕ್ಕ ಒಂದು ಡೈರಿಯನ್ನು ಇಡುವುದು ಸರಿಯಲ್ಲ, ಗೊತ್ತು. ಆದರೆ 'ಇದಿಲ್ಲದೆಯೂ ನಡೀತಿದೆಯಲ್ಲ' ಅನ್ನುವ ಧೈರ್ಯ ಎರಡೂ ಕಡೆ ಒಂದೇ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಬ್ಯಾರಿ ಟರ್ನರ್ 1970ರ ದಶಕದಲ್ಲಿ ಅಲ್ಲಿನ ಹಲವು ದುರಂತಗಳ ತನಿಖಾ ವರದಿಗಳನ್ನು ಕೂತು ಓದಿದರು. ಅದರಲ್ಲಿ ಒಂದು ವೇಲ್ಸ್‌ನ ಅಬರ್‌ಫ್ಯಾನ್. 1966ರ ಅಕ್ಟೋಬರ್ 21ರಂದು ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡ ಜಾರಿ ಶಾಲೆಯ ಮೇಲೆ ಬಿತ್ತು, 144 ಜನ ಸತ್ತರು, ಅದರಲ್ಲಿ 116 ಮಕ್ಕಳು. ಗುಡ್ಡದಿಂದ ಶಾಲೆಗೆ ಅಪಾಯ ಅಂತ ಊರಿನ ಕಡೆಯಿಂದ ಮೊದಲೇ ಪತ್ರ ಹೋಗಿತ್ತು. ಟರ್ನರ್ ಹೇಳಿದ್ದು ಇಷ್ಟು: ಇಂಥವು ದಿಢೀರನೆ ಆಗುವಂಥವಲ್ಲ, ಸಣ್ಣಪುಟ್ಟ ಸುಳಿವುಗಳು ಯಾರೂ ಒಟ್ಟಿಗೆ ಇಟ್ಟು ನೋಡದೆ ವರ್ಷಗಟ್ಟಲೆ ಒಳಗೊಳಗೇ ಬಲಿಯುತ್ತವೆ. ನಮ್ಮ ಡೈರಿಯಲ್ಲೂ ಫ್ಯಾಟಿನ ಪುಸ್ತಕ ಒಬ್ಬರ ಹತ್ತಿರ, ಜನರೇಟರ್ ವಿಷಯ ಇನ್ನೊಬ್ಬರ ಹತ್ತಿರ, ಹಾಲು ಕಡಿಮೆ ಆಗುತ್ತಿದ್ದ ಲೆಕ್ಕ ಮತ್ತೊಬ್ಬರ ಹತ್ತಿರ ಇತ್ತು.

ಹೊಸ ಅಧ್ಯಕ್ಷರ ಬಿಗಿ

ಹೊಸ ಅಧ್ಯಕ್ಷರು ಕಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಲ್ಲಿ ಅವರ ಮೇಲೆ ಬಂದ ಮಾತುಗಳಲ್ಲಿ ಅರ್ಧ ಸುಳ್ಳು. ಮೈಸೂರಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು, ಊರಿಗೆ ವಾಪಸ್ ಬಂದು, ಸಂಘ ಉದ್ಧಾರ ಮಾಡಬೇಕು ಅಂತಲೇ ಚುನಾವಣೆಗೆ ನಿಂತವರು. ಬಂದ ತಿಂಗಳಲ್ಲೇ ಸಿಸಿ ಕ್ಯಾಮೆರಾ ಹಾಕಿಸಿದರು. ಬೆರಳಚ್ಚು ಹಾಜರಿ ತಂದರು. ಮೂಲೆಯಲ್ಲಿ ಬಿದ್ದಿದ್ದ ಹಳೇ 40 ಲೀಟರ್ ಕ್ಯಾನುಗಳನ್ನು ಹರಾಜು ಹಾಕಿ ಜಾಗ ಚೊಕ್ಕ ಮಾಡಿದರು. ತಮ್ಮ ಸಹಿ ಇಲ್ಲದೆ 500 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡಕೂಡದು ಅಂತ ಠರಾವು ಮಾಡಿಸಿದರು. ಹೆಲ್ಪರ್ ಎರಡು ಸಲ ತಡವಾಗಿ ಬಂದದ್ದಕ್ಕೆ ಸಂಬಳ ಹಿಡಿದರು. ಎಲ್ಲಕ್ಕಿಂತ ಮುಖ್ಯವಾದದ್ದು, ಗ್ಯಾಪು ಒಂದು ಪಾಯಿಂಟ್ ದಾಟಿದರೆ ಆ ದುಡ್ಡು ಟೆಸ್ಟರ್ ಸಂಬಳದಲ್ಲಿ ಕಟ್.

ಗ್ಯಾಪು ಎರಡು ತಿಂಗಳಲ್ಲಿ ಮಾಯವಾಯಿತು. ಸೆಪ್ಟೆಂಬರ್‌ನ ವಾರ್ಷಿಕ ಮಹಾಸಭೆಯಲ್ಲಿ ಅಧ್ಯಕ್ಷರು ಅದನ್ನೇ ಹೇಳಿದರು, ಚಪ್ಪಾಳೆಯೂ ಬಿತ್ತು.

ಮಾಯವಾದದ್ದು ಹೇಗೆ? ಟೆಸ್ಟರ್ ಮುಂದೆ ಎರಡು ದಾರಿ ಇದ್ದವು. ಒಂದು, ಮಿಷನ್ ತೋರಿಸಿದ್ದನ್ನೇ ಬರೆಯುವುದು. ಹಾಗೆ ಬರೆದರೆ ನಿರ್ದೇಶಕರ ಹಾಲು ಇಳಿಯಬೇಕು, ವಿಧವೆಯ ಹಾಲು ವಾಪಸ್ ಹೋಗಬೇಕು, ಬೈಗುಳ ತಾನೇ ತಿನ್ನಬೇಕು. ಇನ್ನೊಂದು, ಕೇಳದವರ ಹಾಲಿಗೆ ಎರಡು-ಮೂರು ಪಾಯಿಂಟ್ ಕಡಿಮೆ ಬರೆಯುವುದು. ಅವರು ಎರಡನೆಯದನ್ನು ಹಿಡಿದರು. 4.2 ಬಂದರೆ 4.0. 4.4 ಬಂದರೆ 4.1. ಸರಾಸರಿ ಸರಿಹೋಯಿತು. ಅಧ್ಯಕ್ಷರು ನೋಡುತ್ತಿದ್ದದ್ದು ಸರಾಸರಿಯನ್ನು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ವಿಷಯದಲ್ಲಿ ಹೇಳಿದ ಮಾತು ಈಗ ಎಲ್ಲಾ ಕಡೆ ಓಡಾಡುತ್ತಿದೆ: ಯಾವುದೋ ಒಂದು ಅಳತೆಯನ್ನು ಹಿಡಿದು ಆಳಲು ಹೋದರೆ ಆ ಅಳತೆಯೇ ನಂಬಿಕೆಗೆ ತಕ್ಕದ್ದಾಗಿ ಉಳಿಯಲ್ಲ. ಇಲ್ಲಿ ಅದಕ್ಕೆ ಎರಡು ತಿಂಗಳು ಸಾಕಾಯಿತು.

ಇನ್ನು ಮುಂದಿನದು ಯಾರೂ ಬೇಕು ಅಂತ ಮಾಡಿದ್ದಲ್ಲ, ಯಾರ ಕೈಯಲ್ಲೂ ಇರಲಿಲ್ಲ. ಒಳ್ಳೆ ಹಾಲು ಹಾಕುವವರಿಗೆ ಕಾರ್ಡಿನಲ್ಲಿ ಫ್ಯಾಟು ಇಳಿಯುತ್ತಾ ಬಂತು. ಅವರು ಜಗಳ ಮಾಡಲಿಲ್ಲ. ಊರ ಬಾಗಿಲಿಗೆ ಬರುತ್ತಿದ್ದ ಖಾಸಗಿ ಡೈರಿಯ ಗಾಡಿಗೆ ಒಂದು ಹೊತ್ತಿನ ಹಾಲು ಹಾಕತೊಡಗಿದರು. ಗಟ್ಟಿ ಹಾಲು ಆಚೆ ಹೋಯಿತು, ತೆಳು ಹಾಲು ಡೈರಿಯಲ್ಲಿ ಉಳಿಯಿತು. ಟ್ಯಾಂಕರ್ ಫ್ಯಾಟು ನಿಜವಾಗಿಯೂ ಇಳಿಯಿತು. ಗ್ಯಾಪು ಮತ್ತೆ ಬಾಯಿ ತೆರೆಯಿತು. ಟೆಸ್ಟರ್ ಇನ್ನೊಂದು ಪಾಯಿಂಟ್ ಕೊರೆದರು. ಇನ್ನಷ್ಟು ಜನ ಆಚೆ ಹೋದರು. ದಿನಕ್ಕೆ 1,400 ಲೀಟರ್ ಬರುತ್ತಿದ್ದ ಡೈರಿ ಮಾರ್ಚ್ ಹೊತ್ತಿಗೆ 1,100ಕ್ಕೆ ಬಂದಿತ್ತು.

ಅಧ್ಯಕ್ಷರಿಗೆ ಇದು ಕಾಣಲಿಲ್ಲವಾ? ಕಂಡಿತ್ತು. ಆದರೆ ಕಾರಣ ಬೇರೆ ಸಿಕ್ಕಿತ್ತು. ಆ ವರ್ಷ ಕೆ.ಆರ್.ಎಸ್. ಕಟ್ಟೆಯಲ್ಲಿ ನೀರು ಕಡಿಮೆ, ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಡುತ್ತಿದ್ದರು, ಹಸಿ ಮೇವು ಇರಲಿಲ್ಲ. "ಬೇಸಗೆ ಅಲ್ವಾ, ಮಳೆ ಬಿದ್ಮೇಲೆ ಸರಿಹೋಯ್ತದೆ" ಅಂತ ಎಲ್ಲರೂ ಹೇಳಿದರು. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಇಂಥ ಅರ್ಧ ನಿಜ ಪೂರ್ತಿ ಸುಳ್ಳಿಗಿಂತ ಹೆಚ್ಚು ಕಾಡುತ್ತೆ, ಯಾಕೆಂದರೆ ಅದನ್ನು ಯಾರೂ ಪ್ರಶ್ನೆ ಮಾಡಲ್ಲ.

ಆ ರಾತ್ರಿ

ಭರಣಿ ಮಳೆ. ಸಂಜೆ 6:30ಕ್ಕೆ ಗಾಳಿ ಎದ್ದಿತು, ತೆಂಗಿನ ಗರಿ ಲೈನ್ ಮೇಲೆ ಬಿತ್ತು, ಟಿಸಿ ಹೊಗೆಯಾಡಿತು. ಆ ಹೊತ್ತಿಗೆ ತೊಟ್ಟಿಯಲ್ಲಿ ಬೆಳಗಿನ ಹಾಲು 600 ಲೀಟರ್ 4 ಡಿಗ್ರಿಯಲ್ಲಿ ತಣ್ಣಗಿತ್ತು. ಸಂಜೆಯ 500 ಲೀಟರ್ ಅದರ ಮೇಲೆ ಆಗಷ್ಟೇ ಬಿದ್ದಿತ್ತು. ಕೆಚ್ಚಲಿಂದ ಬಂದ ಹಾಲು, 34 ಡಿಗ್ರಿ ಅಂತಿಟ್ಟುಕೊಳ್ಳಿ. ಕೂಡಿಸಿ ನೋಡಿದರೆ ಇಡೀ ತೊಟ್ಟಿ 17-18 ಡಿಗ್ರಿಗೆ ಬಂದಿರಬೇಕು. ಬಿಎಂಸಿ ಓಡಿದ್ದರೆ ಮೂರು ಗಂಟೆಯೊಳಗೆ ಮತ್ತೆ ತಣ್ಣಗಾಗುತ್ತಿತ್ತು. ಓಡಲಿಲ್ಲ.

ಕಾರ್ಯದರ್ಶಿ ಹೆಲ್ಪರ್ ಮನೆಗೆ ಹೋಗಿ ಬ್ಯಾಟರಿ ಕೇಳಿದರು. ಹೆಲ್ಪರ್ ಉತ್ತರ: "ನನ್ ಡ್ಯೂಟಿ ಮುಗೀತಲ್ಲ ಸಾರ್, ಬೆರಳು ಒತ್ತಿ ಬಂದಿವ್ನಿ." ಸಂಬಳ ಹಿಡಿದ ಸಿಟ್ಟು. ಅವರನ್ನು ನಾನು ಬೈಯಲಾರೆ. ಟ್ರ್ಯಾಕ್ಟರ್ ಅವರದ್ದು, ಬ್ಯಾಟರಿ ಅವರದ್ದು, ಇಷ್ಟು ವರ್ಷ ಕೊಟ್ಟದ್ದು ಸುಮ್ನೆ ಊರ ಕೆಲಸ ಅಂತ. ಡ್ಯೂಟಿಯನ್ನು ಗಂಟೆ ಲೆಕ್ಕದಲ್ಲಿ ಅಳೆದಾಗ ಅವರೂ ಗಂಟೆ ಲೆಕ್ಕವನ್ನೇ ಹಿಡಿದರು.

ಇನ್ನೊಂದು ದಾರಿ ಇತ್ತು. ನಾಲ್ಕು ಕಿಲೋಮೀಟರ್ ಆಚೆ ಪಕ್ಕದೂರಿನ ಡೈರಿ, ಅಲ್ಲಿಗೆ ಬೇರೆ ಫೀಡರ್, ಕರೆಂಟು ಇತ್ತು. ಅಲ್ಲಿನ ತೊಟ್ಟಿಯಲ್ಲಿ ಜಾಗವೂ ಇತ್ತು. ಆದರೆ 1,100 ಲೀಟರ್ ಸಾಗಿಸಲು ಕ್ಯಾನು ಇಲ್ಲ, ಹರಾಜಾಗಿದ್ದವು. ಗಾಡಿಗೆ 500ಕ್ಕಿಂತ ಜಾಸ್ತಿ ಬಾಡಿಗೆ, ಅದಕ್ಕೆ ಅಧ್ಯಕ್ಷರ ಸಹಿ ಬೇಕು. ಅಧ್ಯಕ್ಷರು ಮೈಸೂರಿನಲ್ಲಿ ಒಂದು ಬೀಗರೂಟದಲ್ಲಿದ್ದರು. ಫೋನ್ ಆನ್ ಇತ್ತು.

ಕಾರ್ಯದರ್ಶಿ ಫೋನ್ ಮಾಡಲಿಲ್ಲ. ಇಡೀ ಪ್ರಕರಣದಲ್ಲಿ ನಾನು ಹೆಚ್ಚು ಹೊತ್ತು ಕೇಳಿದ್ದು ಇದನ್ನೇ. ಮೊದಲು "ಕರೆಂಟು ಈಗ ಬತ್ತದೆ ಅಂತ ಕಾಯ್ತಿದ್ದೆ" ಅಂದರು. 10 ಗಂಟೆಯ ಮೇಲೆ? "ಆಗ ಮಾಡಿದ್ರೆ, ಏಳು ಗಂಟೇಗ್ಯಾಕೆ ಮಾಡ್ಲಿಲ್ಲ ಅನ್ನೋರು." ಅಂದರೆ ಪ್ರತಿ ಗಂಟೆ ಕಳೆದಷ್ಟೂ ಫೋನ್ ಮಾಡುವುದು ಇನ್ನಷ್ಟು ಕಷ್ಟವಾಯಿತು. ಹಿಂದೊಮ್ಮೆ ಬಿಎಂಸಿಯ ಮೋಟಾರು ಕೆಟ್ಟಾಗ ತಕ್ಷಣ ಹೇಳಿದ್ದಕ್ಕೆ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೆದುರು ಬೈಸಿಕೊಂಡಿದ್ದರು. ಅದನ್ನು ಮರೆತಿರಲಿಲ್ಲ.

ಅಧ್ಯಕ್ಷರೂ ರಾತ್ರಿ 9ಕ್ಕೆ ಮೊಬೈಲಿನಲ್ಲಿ ಡೈರಿ ಕ್ಯಾಮೆರಾ ನೋಡಲು ಹೋಗಿದ್ದರಂತೆ. 'ಆಫ್‌ಲೈನ್' ಅಂತ ಬಂತು. ನೆಟ್‌ವರ್ಕ್ ಇಲ್ಲ ಅಂದುಕೊಂಡು ಜೇಬಿಗೆ ಇಟ್ಟುಕೊಂಡರು. ಡೈರಿಯಲ್ಲಿ ಕರೆಂಟು ಇಲ್ಲ ಅನ್ನುವ ಸುದ್ದಿ ಆ ಒಂದು ಪದದಲ್ಲೇ ಇತ್ತಲ್ವಾ!

ಬೆಳಗ್ಗೆ 6ಕ್ಕೆ ಕರೆಂಟು ಇನ್ನೂ ಬಂದಿರಲಿಲ್ಲ. ಹಾಲಿನವರು ಸಾಲಾಗಿ ಬಂದು ನಿಂತರು. ತೊಟ್ಟಿ ಮುಚ್ಚಳ ತೆಗೆದಾಗ ವಾಸನೆ ಬಂದಿತ್ತು ಅಂತ ಕಾರ್ಯದರ್ಶಿಯೇ ಒಪ್ಪಿಕೊಂಡರು. ಈ ಹೊತ್ತಲ್ಲಿ ಎರಡೇ ಆಯ್ಕೆ. ಇವತ್ತು ಹಾಲು ಬೇಡ ಅನ್ನುವುದು, ಅಂದರೆ ರಾತ್ರಿ ನಡೆದದ್ದನ್ನು ಇಡೀ ಊರಿಗೆ ಹೇಳುವುದು. ಇಲ್ಲವೇ ತೆಗೆದುಕೊಂಡು ಅದೇ ತೊಟ್ಟಿಗೆ ಸುರಿಯುವುದು. ಸುರಿದರು. ಹುಳಿಗೆ ತಿರುಗಿದ್ದ ಹಾಲಿಗೆ 550 ಲೀಟರ್ ಒಳ್ಳೆ ಹಾಲು ಸೇರಿತು. ಕರೆಂಟು ಹೋದದ್ದು ಯಾರ ತಪ್ಪೂ ಅಲ್ಲ. ಈ 550 ಲೀಟರ್ ಮಾತ್ರ ಪೂರ್ತಿ ಮನುಷ್ಯರ ಕೆಲಸ.

ಟ್ಯಾಂಕರಿನವರು ಪದ್ಧತಿಯಂತೆ ಒಂದು ಟೆಸ್ಟ್ ಟ್ಯೂಬಿನಲ್ಲಿ ಒಂದಿಷ್ಟು ಹಾಲು ಹಾಕಿ ಕಾಯಿಸಿದರು. ಕುದಿ ಬರುವ ಮೊದಲೇ ಗಾಜಿನ ಒಳಗೋಡೆಗೆ ಬಿಳಿ ತುಣುಕುಗಳು ಅಂಟಿಕೊಂಡವು, ಕೆಳಗೆ ಹಳದಿ ನೀರು ನಿಂತಿತು. ಅದನ್ನು ಕಿಟಕಿ ಬೆಳಕಿಗೆ ಹಿಡಿದು ಕಾರ್ಯದರ್ಶಿಗೆ ತೋರಿಸಿ, ಒಂದು ಮಾತೂ ಆಡದೆ ಪೈಪ್ ಸುತ್ತಿಕೊಂಡು ಹೊರಟರು. ಒಬ್ಬ ನಿರ್ದೇಶಕರು ಟ್ಯಾಂಕರ್ ಬರುವ ಮೊದಲು ಹುಳಿ ಮುಚ್ಚಲು ಸೋಡಾ ಹಾಕೋಣ ಅಂದಿದ್ದರಂತೆ. ಬೇಡ ಅಂದದ್ದು ಟೆಸ್ಟರ್. ರೋಸಾಲಿಕ್ ಆಸಿಡ್ ಬಿಟ್ಟರೆ ಹಾಲು ಗುಲಾಬಿ ಬಣ್ಣಕ್ಕೆ ತಿರುಗಿ ಸೋಡಾ ಸಿಕ್ಕಿಬೀಳುತ್ತೆ ಅಂತ ಅವರಿಗೆ ಗೊತ್ತಿತ್ತು, ಅದೂ ಅಲ್ಲದೆ "ಮಕ್ಳು ಕುಡಿಯೋ ಹಾಲು" ಅಂದರಂತೆ. ಇದು ಆಮೇಲೆ ಊರಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಬೀಗ

ನಷ್ಟ ಅರ್ಧ ಲಕ್ಷದ ಆಸುಪಾಸು. ಸಂಘದ ಉಳಿಕೆಯಲ್ಲಿ ತುಂಬಿಕೊಳ್ಳಬಹುದಿತ್ತು. ಕೆಡಿಸಿದ್ದು ಅದಲ್ಲ, 'ಟ್ಯಾಂಕರ್ ಬರ್ಲಿಲ್ಲ' ಅಂತ ಊರಿಗೆ ಹೇಳಿ ಅಂತ ಅಧ್ಯಕ್ಷರು ಫೋನಿನಲ್ಲಿ ಕೊಟ್ಟ ಸೂಚನೆ. ಮಧ್ಯಾಹ್ನದೊಳಗೆ ಟ್ಯಾಂಕರ್ ಡ್ರೈವರ್ ಪಕ್ಕದೂರಿನ ಟೀ ಅಂಗಡಿಯಲ್ಲಿ ನಿಜ ಹೇಳಿ ಹೋಗಿದ್ದರು. ಸಂಜೆಗೆ ಡೈರಿ ಮುಂದೆ ಜನ. ಮೊದಲು ಬರೀ ಹಾಲಿನ ದುಡ್ಡಿನ ಮಾತು. ಅಷ್ಟರಲ್ಲಿ ಒಬ್ಬ ರೈತ ಎರಡು ಕಾರ್ಡು ಎತ್ತಿ ಹಿಡಿದರು. ಒಂದು ಡೈರಿಯದ್ದು, ಒಂದು ಖಾಸಗಿಯವರದ್ದು. ಅದೇ ಹಸು, ಬೆಳಗ್ಗೆ ಇಲ್ಲಿ, ಸಂಜೆ ಅಲ್ಲಿ, ತಿಂಗಳುಗಟ್ಟಲೆ. ಅಲ್ಲಿ 4.2, ಇಲ್ಲಿ 3.7.

ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ಫ್ಯಾಟಿನಲ್ಲಿ ವ್ಯತ್ಯಾಸ ಇದ್ದೇ ಇರುತ್ತೆ, ಸಂಜೆಯದು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ಆದರೆ ತಿಂಗಳುಗಟ್ಟಲೆ ಪ್ರತಿದಿನ ಐದು ಪಾಯಿಂಟ್ ಅಂದರೆ ಅನುಮಾನ ಬರುವಂಥದ್ದೇ. ಅಲ್ಲಿಗೆ ಮಾತು ಹಾಲು ಒಡೆದದ್ದನ್ನು ಬಿಟ್ಟು ಫ್ಯಾಟಿಗೆ ತಿರುಗಿತು. ಅದೇ ರಾತ್ರಿ ಬೀಗ ಬಿತ್ತು.

ಅಧ್ಯಕ್ಷರು ಮಾಡಿದ ಮೊದಲ ಕೆಲಸ ಟೆಸ್ಟರನ್ನು ತೆಗೆದದ್ದು. ತಪ್ಪು ಮಾಡಿದವರನ್ನು ತೆಗೆದರೆ ಜನ ಸಮಾಧಾನ ಆಗುತ್ತಾರೆ ಅನ್ನುವ ಲೆಕ್ಕ. ಕೆಲಸ ಹೋದ ಟೆಸ್ಟರಿಗೆ ಇನ್ನು ಹೆದರಿಕೆ ಯಾಕೆ? ಅರಳಿಕಟ್ಟೆಯಲ್ಲಿ ಕೂತು ಯಾರ್ಯಾರ ಹಾಲಿಗೆ ಎಷ್ಟೆಷ್ಟು ಸೇರಿಸಿ ಬರೆದೆ ಅಂತ ಹೆಸರು ಹಿಡಿದು ಹೇಳಿದರು. ಅದರಲ್ಲಿ ಅಧ್ಯಕ್ಷರ ಪಕ್ಷದ ಇಬ್ಬರು ನಿರ್ದೇಶಕರೂ ಇದ್ದರು. ಇನ್ನೊಂದು ಪಕ್ಷದವರು ಸಹಕಾರ ಕಾಯ್ದೆಯ 64ನೇ ಪ್ರಕರಣದಡಿ ವಿಚಾರಣೆ ಕೇಳುತ್ತೇವೆ ಅಂದರು. ಎರಡನೆಯ ಕೆಲಸ, ಬೋನಸ್ ಘೋಷಣೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೀಗ ತೆಗೆದ ಮೇಲೂ ಬಂದ ಹಾಲು ದಿನಕ್ಕೆ 500 ಲೀಟರ್‌ಗಿಂತ ಕಡಿಮೆ.

ನಾನು ಹೋದದ್ದು ಈ ಹಂತದಲ್ಲಿ. ಆಡಳಿತ ಮಂಡಳಿ ಸಭೆಯಲ್ಲಿ ಎರಡು ಗಂಟೆ ಜಗಳ. ಕೊನೆಗೆ ಅಷ್ಟು ಹೊತ್ತೂ ಬಾಯಿಬಿಡದ ಒಬ್ಬ ಮಹಿಳಾ ನಿರ್ದೇಶಕರು ಅಧ್ಯಕ್ಷರನ್ನು ಕೇಳಿದರು, "ಅಲ್ಲ ಕಣಣ್ಣ, ಅವತ್ತು ರಾತ್ರಿ ಏಳು ಗಂಟೇಲಿ ನಿಂಗೆ ಫೋನ್ ಮಾಡಿದ್ರೆ ನೀ ಏನ್ ಮಾಡ್ತಿದ್ದೆ?" ಅಧ್ಯಕ್ಷರು ಒಂದು ಕ್ಷಣ ಸುಮ್ಮನಿದ್ದು, "ಮೊದ್ಲು ಬೈತಿದ್ದೆ, ಆಮೇಲೆ ಗಾಡಿ ಮಾಡ್ರಪ್ಪ ಅಂತಿದ್ದೆ ಕಣಕ್ಕ" ಅಂದರು. ಪಾಪ, ನಿಜವನ್ನೇ ಹೇಳಿದರು. ಆ ಬೈಗುಳಕ್ಕೆ ಹೆದರಿ ಆ ಗಾಡಿ ಬರಲಿಲ್ಲ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಜಗಳ ನಿಲ್ಲಲಿಲ್ಲ, ಆದರೆ ಮಾತಿನ ದಿಕ್ಕು ಬದಲಾಯಿತು.

ಆಮೇಲೆ ಮಾಡಿದ್ದು

ದೊಡ್ಡದೇನೂ ಅಲ್ಲ. ಟೆಸ್ಟರನ್ನು ವಾಪಸ್ ಕರೆದರು, ಸಂಬಳ ಕಡಿತ ರದ್ದು ಮಾಡಿದರು. ಮಿಷನ್ ಇದ್ದ ಮೇಜನ್ನು ತಿರುಗಿಸಿ ಪರದೆ ಸಾಲಿನ ಕಡೆಗೆ ಬರುವಂತೆ ಇಟ್ಟರು. ಅನುಮಾನ ಇದ್ದವರು ಎರಡನೇ ಸಲ ಹಾಕಿಸಿ ನೋಡಬಹುದು. ನಿರ್ದೇಶಕರ ಹಾಲೂ ಅದೇ ಸಾಲಿನಲ್ಲಿ. ಹಿಂದಿನ ದಿನದ ಡೈರಿ ಫ್ಯಾಟು, ಟ್ಯಾಂಕರ್ ಫ್ಯಾಟು ಎರಡನ್ನೂ ಕರಿಹಲಗೆಯ ಮೇಲೆ ಬರೆದಿಡುವುದು. ಬ್ಯಾಟರಿ ಬಂತು. ಇಪ್ಪತ್ತು ಕ್ಯಾನು ಮತ್ತೆ ಕೊಂಡರು, ಮಾರಿದ್ದಕ್ಕಿಂತ ಎಷ್ಟೋ ಜಾಸ್ತಿ ರೇಟಿಗೆ. ಪಕ್ಕದೂರಿನ ಡೈರಿಯ ಜೊತೆ ಕಷ್ಟಕಾಲಕ್ಕೆ ಇವರ ಹಾಲು ಅವರು, ಅವರ ಹಾಲು ಇವರು ಇಟ್ಟುಕೊಳ್ಳುವ ಮಾತಾಯಿತು. ಕರೆಂಟು ಹೋಗಿ ಒಂದು ಗಂಟೆಯಾದರೆ ಕಾರ್ಯದರ್ಶಿ ಯಾರನ್ನೂ ಕೇಳದೆ ಗಾಡಿ ಮಾಡಬಹುದು, ಬಿಲ್ಲು ಆಮೇಲೆ.

ಮಿಷನ್ ತಿರುಗಿಸಿದ್ದಕ್ಕೆ ಬೆಲೆ ತೆತ್ತವರೂ ಇದ್ದರು. ಆ ವಿಧವೆಯ ಹಾಲು ಮೊದಲ ದಿನವೇ 3.1 ಅಂತ ಎಲ್ಲರೆದುರು ಕಂಡಿತು. "ನೀರು ಹಾಕ್ತಾಳೆ" ಅಂತ ಹಿಂದಿನಿಂದ ಯಾರೋ ಅಂದರು. ಹಸುವಿನ ಹಾಲಿಗೆ ದೇಶದ ಆಹಾರ ಸುರಕ್ಷತಾ ನಿಯಮವೇ ಕನಿಷ್ಠ 3.2 ಫ್ಯಾಟು ಕೇಳುತ್ತೆ, ಹಾಗಾಗಿ ಕಣ್ಣುಮುಚ್ಚಿ ಸೇರಿಸಿಕೊಳ್ಳುವ ಹಾಗೂ ಇರಲಿಲ್ಲ. ಪಶುವೈದ್ಯರು ಮನೆಗೆ ಹೋಗಿ ಹಾಲು ಕರೆಯುವುದನ್ನು ನೋಡಿದಾಗ ವಿಷಯ ಗೊತ್ತಾಯಿತು. ಆಕೆ ಮೊದಲ ಹಾಲು ಕರೆದುಕೊಂಡು ಕೊನೆಯ ಹಾಲನ್ನು ಕರುವಿಗೆ ಬಿಡುತ್ತಿದ್ದರು. ಕೆಚ್ಚಲಲ್ಲಿ ಕೊನೆಗೆ ಬರುವ ಹಾಲಿನಲ್ಲೇ ಕೊಬ್ಬು ಜಾಸ್ತಿ. ಅದರ ಜೊತೆಗೆ ಹಸುವಿಗೆ ಒಣಹುಲ್ಲು ಕಡಿಮೆ, ಹಿಂಡಿ-ಬೂಸಾ ಜಾಸ್ತಿ, ನಾರು ಕಡಿಮೆಯಾದರೂ ಫ್ಯಾಟು ಇಳಿಯುತ್ತೆ. ಕರುವಿಗೆ ಮೊದಲೇ ಕುಡಿಸಿ, ರಾಗಿ ಹುಲ್ಲು ಹಾಕತೊಡಗಿದ ಮೇಲೆ 3.6ರ ಆಸುಪಾಸಿಗೆ ಬಂತು. ಇಷ್ಟು ವರ್ಷ ಟೆಸ್ಟರ್ ಕರುಣೆಯಿಂದ ಬರೆದ 3.5 ಈ ಸಣ್ಣ ವಿಷಯವನ್ನು ಮುಚ್ಚಿಟ್ಟಿತ್ತು.

ಆರು ತಿಂಗಳಲ್ಲಿ ಹಾಲು 1,000 ಲೀಟರ್ ಸಮೀಪ ಬಂತು. ಇದು ಹೊಸ ವ್ಯವಸ್ಥೆಯ ಫಲ ಅಂತ ಅಧ್ಯಕ್ಷರು ಹೇಳಿಕೊಂಡರು. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮಳೆ ಚೆನ್ನಾಗಾಯಿತು, ಮೇವು ಬಂತು. ಹಾಲು ಹೆಚ್ಚಾದ ಕೂಡಲೇ ಖಾಸಗಿಯವರು ದರ ಇಳಿಸಿದರು. ರಾಜ್ಯ ಸರ್ಕಾರ ಆಗ ಕೊಡುತ್ತಿದ್ದ ಲೀಟರ್‌ಗೆ 5 ರೂಪಾಯಿ ಪ್ರೋತ್ಸಾಹಧನ ಸಹಕಾರ ಸಂಘಕ್ಕೆ ಹಾಕಿದವರಿಗೆ ಮಾತ್ರ ಸಿಗುತ್ತಿದ್ದದ್ದು ಜನಕ್ಕೆ ಮತ್ತೆ ನೆನಪಾಯಿತು. ಇವುಗಳಲ್ಲಿ ಒಂದೂ ಅಧ್ಯಕ್ಷರ ಕೈಯಲ್ಲಿರಲಿಲ್ಲ, ಹೇಗೆ ಹಿಂದಿನ ವರ್ಷ ಕಟ್ಟೆಯ ನೀರು ಇಳಿದದ್ದು ಅವರ ಕೈಯಲ್ಲಿರಲಿಲ್ಲವೋ ಹಾಗೆ. ಅವರ ಕೈಯಲ್ಲಿದ್ದದ್ದು ಬ್ಯಾಟರಿ, ಕ್ಯಾನು, ಮತ್ತೆ ಕೆಟ್ಟ ಸುದ್ದಿ ತಂದವರ ಜೊತೆ ಹೇಗೆ ಮಾತಾಡುತ್ತೇನೆ ಅನ್ನುವುದು. ದೊಡ್ಡ ದೊಡ್ಡ ಹಾಲಿನವರು ಏಳೆಂಟು ಮನೆಯವರು ವಾಪಸ್ ಬರಲೇ ಇಲ್ಲ. ಮುಂದಿನ ಚುನಾವಣೆಗೆ ಅಧ್ಯಕ್ಷರು ನಿಲ್ಲಲಿಲ್ಲ.

ಈ ಪ್ರಕರಣ ಹೇಳಿದಾಗಲೆಲ್ಲ ತರಬೇತಿಗೆ ಬಂದ ಕಾರ್ಯದರ್ಶಿಗಳು ಬೆಳಗ್ಗೆ 6 ಗಂಟೆಯ ವಿಷಯಕ್ಕೇ ಬಂದು ನಿಲ್ಲುತ್ತಾರೆ. "ಹಾಲು ಬೇಡ ಅಂದಿದ್ರೆ ಊರೋರು ಸುಮ್ನೆ ಬಿಡ್ತಿದ್ರಾ ಸರ್?" ಬಿಡುತ್ತಿರಲಿಲ್ಲ, ಕೂಗಾಡುತ್ತಿದ್ದರು. ಆದರೆ ರೈತರ ಕೈಯಲ್ಲೇ ಅವರವರ ಕ್ಯಾನು, ಬಕೆಟ್ಟು ಇದ್ದವು. ಸಾಲಿನಲ್ಲಿ ನಿಂತಿದ್ದ ಬೈಕುಗಳೂ ಇದ್ದವು. ಪಕ್ಕದೂರಿನ ಡೈರಿ ನಾಲ್ಕು ಕಿಲೋಮೀಟರ್, ಅಲ್ಲಿ ಹಾಲು ತೆಗೆದುಕೊಳ್ಳುವುದು 8 ಗಂಟೆಯವರೆಗೆ.